ಗವಿಸಿದ್ದಪ್ಪ ದೋಣಿ ನೋಡಲು ಹೋದದ್ದು

ಎಲ್ಲಕ್ಕೂ ಕಾರಣ ಬೋರ್ಡು ಬರೆಯುವವನು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿಗೆ ಖಾನಾವಳಿ ನಡೆಸುವ ಗವಿಸಿದ್ದಪ್ಪ, 'ಇಲ್ಲಿ ಹೊಳಿ ಮೀನಿನ ಊಟ ಸಿಗುತ್ತದೆ' ಎಂದಷ್ಟೇ ಬರೆಯಲು ಹೇಳಿ ಸಂತೆಗೆ ಹೋಗಿದ್ದ. ಬರೆಯುವವನಿಗೆ ತಗಡಿನಲ್ಲಿ ಜಾಗ ಉಳಿಯಿತು, ಡಬ್ಬಿಯಲ್ಲಿ ಬಣ್ಣ ಉಳಿಯಿತು. ಖಾಲಿ ಬಿಟ್ಟರೆ ಚಂದ ಕಾಣುವುದಿಲ್ಲವೆಂದು ಒಂದು ದೋಣಿಯ ಚಿತ್ರ ಬಿಡಿಸಿ, ಅದರ ಕೆಳಗೆ 'ನಮ್ಮ ಸ್ವಂತ ದೋಣಿಯಲ್ಲಿ ಹಿಡಿದದ್ದು' ಎಂದು ಸೇರಿಸಿಬಿಟ್ಟ.

ಮೊದಲ ವಾರ ಗವಿಸಿದ್ದಪ್ಪ ಅದನ್ನು ಅಳಿಸಬೇಕೆಂದುಕೊಂಡ. ಎರಡನೆಯ ವಾರ ಗಿರಾಕಿಗಳು ದುಪ್ಪಟ್ಟಾದರು. ಮೂರನೆಯ ವಾರ ಅವರು ಕೈ ತೊಳೆಯುತ್ತಾ ದೋಣಿಯ ಯೋಗಕ್ಷೇಮ ವಿಚಾರಿಸತೊಡಗಿದರು. ಎಲ್ಲಿದೆ, ಎಷ್ಟು ಉದ್ದ, ಎಂಜಿನ್ ಉಂಟೋ ಇಲ್ಲವೋ. ಪಕ್ಕದ ಚಹಾದಂಗಡಿಯವನಂತೂ ಯಾರೂ ಕೇಳದಿದ್ದರೂ, ದೋಣಿ ಕೊಣ್ಣೂರಿನ ಹೊಳೆಯಲ್ಲಿದೆ, ತಾನೇ ಒಮ್ಮೆ ಕೂತು ಬಂದಿದ್ದೇನೆ ಎಂದು ಹೇಳುತ್ತಿದ್ದ. ಕೊನೆಗೆ ಹೆಂಡತಿ ಪುಷ್ಪಾವತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು:

"ಬೋರ್ಡರ ಅಳಸ್ರಿ, ಇಲ್ಲಾ ದೋಣಿಯರ ತಗೋರಿ. ದಿನಾ ಮಂದಿ ಮುಂದ ಸುಳ್ಳ ಹೇಳಾಕ ನನ್ನಿಂದ ಆಗೂದಿಲ್ಲ."

ಬೋರ್ಡು ಅಳಿಸಿದರೆ ಗಿರಾಕಿಗಳೂ ಅಳಿಸಿಹೋಗುವರೆಂಬ ಭಯದಿಂದ ಗವಿಸಿದ್ದಪ್ಪ ದೋಣಿಯನ್ನೇ ಆರಿಸಿಕೊಂಡ. ಕೊಣ್ಣೂರಿನ ಹುಚ್ಚವ್ವ ಎಂಬ ಮುದುಕಿ ತನ್ನ ಹಳೆಯ ಮೀನಿನ ದೋಣಿಯನ್ನು ಮಾರಲಿದ್ದಾಳೆಂಬ ಸುದ್ದಿಯೂ ಬಂದಿತ್ತು. ದೋಣಿಯ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅದು ನೀರಿನ ಮೇಲಿರುತ್ತದೆ ಎಂಬುದೊಂದೇ. ಆದ್ದರಿಂದ ತಿಳಿದವರಿಬ್ಬರನ್ನು ಜೊತೆ ಮಾಡಿಕೊಂಡ. ಒಬ್ಬ ರೋಣದ ಹೂವಪ್ಪ, ಮೂವತ್ತು ವರ್ಷದಿಂದ ಕಡಲೆಯ ದಲಾಲಿ. ಇನ್ನೊಬ್ಬ ನರಗುಂದದ ನಜೀರಸಾಬ, ಹೊಲದ ಪಂಪಿನ ಎಂಜಿನ್ ರಿಪೇರಿ ಮಾಡುವವನು. ಇಬ್ಬರೂ ದೋಣಿ ಹತ್ತಿದವರಲ್ಲ. ಆದರೆ ಒಬ್ಬನಿಗೆ ವ್ಯಾಪಾರ ಗೊತ್ತು, ಇನ್ನೊಬ್ಬನಿಗೆ ಎಂಜಿನ್ ಗೊತ್ತು. ಉಳಿಯುವುದು ಬರೀ ಕಟ್ಟಿಗೆ, ಅದನ್ನು ತಾನೇ ನೋಡಿದರಾಯಿತು ಎಂದು ಗವಿಸಿದ್ದಪ್ಪನ ಲೆಕ್ಕ.

ಬಸ್ಸಿನಲ್ಲಿ ಹೂವಪ್ಪ ಅವನಿಗೆ ಬುದ್ಧಿ ಹೇಳಿದ. ಮಾಲು ಇಷ್ಟವಾದರೂ ಮುಖದ ಮೇಲೆ ತೋರಿಸಬಾರದು. ಹೊಳೆಯಲ್ಲಿ ಓಡಿಸಿ ನೋಡುವ ತನಕ ಒಂದು ರೂಪಾಯಿ ಮುಂಗಡ ಕೊಡಬಾರದು. ಬಾಯಿ ತೆಗೆಯುವ ಕೆಲಸ ಪೂರಾ ತನಗೆ ಬಿಡಬೇಕು. ಗವಿಸಿದ್ದಪ್ಪ ಎಲ್ಲಕ್ಕೂ ತಲೆಯಾಡಿಸಿದ.

ದೋಣಿ ದಂಡೆಯ ಮೇಲೆ ಮಗ್ಗುಲಾಗಿ ಮಲಗಿತ್ತು. ಯಾವುದೋ ಕಾಲದಲ್ಲಿ ಕಾರವಾರದ ಕಡೆಯಿಂದ ಲಾರಿಯಲ್ಲಿ ಬಂದದ್ದು. ಬಣ್ಣ ಹೋಗಿದ್ದರೂ ಮೂತಿ ಮೇಲೆತ್ತಿಕೊಂಡು ಠೀವಿಯಿಂದಿತ್ತು. ಗವಿಸಿದ್ದಪ್ಪನಿಗೆ ನೋಡಿದೊಡನೆ ಮನಸ್ಸಾಯಿತು. ಅದನ್ನು ಮುಚ್ಚಿಡಲು ಹೊಟ್ಟೆನೋವು ಬಂದವನಂತೆ ಮುಖ ಮಾಡಿಕೊಂಡು ನಿಂತ. ಹುಚ್ಚವ್ವ ನಲವತ್ತು ಸಾವಿರ ಹೇಳಿ, ಎಲೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಳು. ಕೇಳಿದ್ದಕ್ಕೆ ನಿಜ ಹೇಳುವೆ, ಕೇಳದ್ದನ್ನು ಹೇಳುವುದಿಲ್ಲ ಎಂದಳು.

ಹೂವಪ್ಪ ಏನನ್ನೂ ಕೇಳಲಿಲ್ಲ. ಕಡಲೆ ಚೀಲಕ್ಕೆ ಚುಚ್ಚಿ ಕಾಳು ಹೊರಗೆಳೆದು ನೋಡುವ ಚೂಪಾದ ಕಬ್ಬಿಣದ ಕೊಳವೆ ಸದಾ ಅವನ ಕಿಸೆಯಲ್ಲಿರುತ್ತಿತ್ತು. ಅದನ್ನು ತೆಗೆದು ದೋಣಿಯ ಹಿಂಬದಿಗೆ ಚುಚ್ಚಿದ. ಹಲಗೆ ಬೆಣ್ಣೆಯಂತೆ ದಾರಿ ಕೊಟ್ಟಿತು. ಕೊಳವೆಯಲ್ಲಿ ಬಂದ ಪುಡಿಯನ್ನು ಅಂಗೈಗೆ ಸುರಿದುಕೊಂಡು, ಊದಿ, ಮೂಸಿ, ಗಂಭೀರವಾಗಿ ತೀರ್ಪು ಕೊಟ್ಟ:

"ಹುಳ ಬಿದ್ದದ."

"ಹೌದ್ರಿ, ಹೋದ ವರ್ಷದಿಂದ ಬಿದ್ದದ," ಎಂದಳು ಹುಚ್ಚವ್ವ. "ಕೇಳಿದ್ರ ನಾನ ಹೇಳ್ತಿದ್ದೆ."

ಹುಳ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಲು ಹೂವಪ್ಪ ಇನ್ನೂ ಆರು ಕಡೆ ಚುಚ್ಚಿದ. ಆರರಲ್ಲಿ ಐದು ಹಲಗೆ ಗಟ್ಟಿಯಾಗಿದ್ದವು. ಇದ್ದಷ್ಟೂ ಬಲ ಹಾಕಿ ಅವುಗಳಲ್ಲೂ ತೂತು ಮಾಡಿದ. ಒಂದೊಂದು ತೂತಿಗೂ ಬೆಲೆ ಇಳಿಯುತ್ತದೆಂದು ಗವಿಸಿದ್ದಪ್ಪನ ಕಿವಿಯಲ್ಲಿ ಹೇಳಿದ. ಆದರೆ ದೋಣಿಯನ್ನು ನೀರಿಗಿಳಿಸುವ ಮಾತು ಬಂದಾಗ, ತೂತು ಮಾಡಿದವರೇ ಮುಚ್ಚಬೇಕು ಎಂದು ಹುಚ್ಚವ್ವ ಎದ್ದು ನಿಂತಳು. ಹೂವಪ್ಪನಿಗೆ ಸೊಂಟ ಹಿಡಿದಿತ್ತು. ಗವಿಸಿದ್ದಪ್ಪ ಕೊಳೆತ ಹಲಗೆಯನ್ನು ಕೆತ್ತಿ ತೆಗೆಸಿ ಹೊಸ ತುಂಡು ಹೊಡೆಸಿ, ಉಳಿದ ತೂತುಗಳಿಗೆ ಡಾಂಬರಿನಲ್ಲಿ ಅದ್ದಿದ ಅರಿವೆ ತುರುಕುತ್ತಾ ಮಧ್ಯಾಹ್ನದವರೆಗೆ ದೋಣಿಯ ಕೆಳಗೆ ಮಲಗಿದ. ಅಷ್ಟರಲ್ಲಿ ದಂಡೆಯ ಮೇಲೆ ಇಪ್ಪತ್ತು ಮಂದಿ ಸೇರಿ, ಡಾಂಬರು ತೆಳುವಾಯಿತೆಂದು ಹತ್ತು ಮಂದಿಯೂ ದಪ್ಪವಾಯಿತೆಂದು ಹತ್ತು ಮಂದಿಯೂ ಹೇಳಿದರು.

ನಜೀರಸಾಬ ಹಳೆಯ ಎಂಜಿನ್ನಿಗೆ ಕಿವಿಯಿಟ್ಟು, ಹ್ಯಾಂಡಲ್ ಹಾಕಿ ಜಗ್ಗಿ, ಅದು ತಿರುಗದಿದ್ದಾಗ ತಲೆಯ ಟೋಪಿ ತೆಗೆದ. ತೀರಿಹೋದವರ ಮನೆಗೆ ಬಂದವನಂತೆ ಕಂಡ. ನರಗುಂದದ ತನ್ನ ಅಂಗಡಿಯಲ್ಲಿ ಒಂದು ಡೀಸೆಲ್ ಪಂಪಿನ ಎಂಜಿನ್ ಇದೆ, ರೈತರೆಲ್ಲ ಕರೆಂಟಿನ ಮೋಟರಿಗೆ ಹೋದ ಮೇಲೆ ಕೇಳುವವರಿಲ್ಲ, ಹನ್ನೆರಡು ಸಾವಿರಕ್ಕೆ ಕೊಡುತ್ತೇನೆ ಎಂದ. ಎಂಜಿನ್ ಇಲ್ಲದೆ ಓಡಿಸಿ ನೋಡುವುದು ಹೇಗೆ? ಓಡಿಸಿ ನೋಡದೆ ಕೊಳ್ಳುವುದು ಹೇಗೆ? ಗವಿಸಿದ್ದಪ್ಪ ದುಡ್ಡು ಕೊಟ್ಟ. ಎರಡು ಗಂಟೆಗೆ ಎಂಜಿನ್ ಟಂಟಂ ಗಾಡಿಯಲ್ಲಿ ಬಂತು. ಎಂಟು ಮಂದಿ ಬಿದಿರಿಗೆ ಕಟ್ಟಿ ಹೊತ್ತು ದೋಣಿಯೊಳಗೆ ಇಳಿಸಿದರು. ನಜೀರಸಾಬ ತೊಲೆಗಳ ಮೇಲೆ ಅದನ್ನು ಬಿಗಿದು, ನೀರೊಳಗಿನ ಪಂಖದ ಸರಳಿಗೆ ಜೋಡಿಸಿದ.

ಹುಟ್ಟು ಹಾಕಿ ದೋಣಿಯನ್ನು ದಂಡೆಯಿಂದ ಸ್ವಲ್ಪ ದೂರ ಒಯ್ದು, ಮೂತಿಯನ್ನು ದಂಡೆಯ ಕಡೆಗೆ ತಿರುಗಿಸಿದ ಮೇಲೆ ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ದೋಣಿ ಹೊರಟಿತು, ಹಿಂದಕ್ಕೆ. ಮುಂದೆ ನೋಡುತ್ತಾ ಕೂತಿದ್ದ ಗವಿಸಿದ್ದಪ್ಪ ದಂಡೆಯ ಮಂದಿಯನ್ನೇ ದಿಟ್ಟಿಸುತ್ತಾ ಮೆಲ್ಲಗೆ ದೂರವಾಗುತ್ತಿದ್ದ, ಬೀಗರನ್ನು ಬೀಳ್ಕೊಡುವವನ ಹಾಗೆ. ನಡುಹೊಳೆಯಲ್ಲಿ ಎಂಜಿನ್ ಬಂದ್ ಮಾಡಿ, ಹುಟ್ಟು ಹಾಕಿಕೊಂಡು ಅವನೂ ನಜೀರಸಾಬನೂ ಮರಳಿ ಬಂದರು. ಪಂಪಿನ ಎಂಜಿನ್ ತಿರುಗುವ ದಿಕ್ಕೇ ಬೇರೆ ಎಂಬುದು ನಜೀರಸಾಬನಿಗೆ ಈಗ ಹೊಳೆದಿತ್ತು. ಎಲ್ಲ ಬಿಚ್ಚಿ, ಎಂಜಿನ್ನನ್ನು ಹಿಂದುಮುಂದಾಗಿ ತಿರುಗಿಸಿ, ಇನ್ನೊಂದು ತುದಿಯಿಂದ ಜೋಡಿಸುವಷ್ಟರಲ್ಲಿ ನಾಲ್ಕೂವರೆಯಾಯಿತು.

ಈ ಸಲ ದೋಣಿ ಮುಂದಕ್ಕೆ ಹೋಯಿತು. ಬರೀ ಹೋಗಲಿಲ್ಲ, ಬಿಚ್ಚಿಬಿಟ್ಟ ಹೋರಿಯಂತೆ ನುಗ್ಗಿತು. ಒಂದು ಹನಿ ನೀರು ಒಳಗೆ ಬರಲಿಲ್ಲ. ಚುಕ್ಕಾಣಿ ಹಿಡಿದ ಗವಿಸಿದ್ದಪ್ಪ ಸೇತುವೆಯ ಕೆಳಗೆ ಹಾದು, ಮೇಲೆ ನಿಂತು ನೋಡುತ್ತಿದ್ದ ಲಾರಿ ಡ್ರೈವರುಗಳಿಗೆ ಕೈಯೆತ್ತಿದ. ಬೆಳಗಿನಿಂದ ಹಿಡಿದಿಟ್ಟಿದ್ದ ಸಂತೋಷವೆಲ್ಲ ಮುಖಕ್ಕೆ ಬಂತು. ಬಾಯಿ ಕಿವಿಯವರೆಗೆ ಹೋಯಿತು.

ತಿರುಗಿ ಬರುವಾಗ ದಂಡೆಯ ಮೇಲೆ ಹೂವಪ್ಪ ಟವೆಲ್ಲಿನ ಕೆಳಗೆ ಯಾರದೋ ಕೈ ಹಿಡಿದು ಬೆರಳು ಒತ್ತುತ್ತಿರುವುದು ಕಂಡಿತು. ಬೆಲೆ ಕುದುರಿಸುವ ಹಳೆಯ ಪದ್ಧತಿ. ಹುಚ್ಚವ್ವನ ಕಡೆಯವನ್ಯಾರೋ ಇರಬೇಕು, ಇಳಿಸುತ್ತಿದ್ದಾನೆ ಎಂದು ಗವಿಸಿದ್ದಪ್ಪನಿಗೆ ಸಮಾಧಾನವಾಯಿತು. ಹೂವಪ್ಪ ಇನ್ನೊಂದು ಕೈಯಿಂದ, ಮತ್ತೊಂದು ಸುತ್ತು ಹಾಕು ಎಂದು ಸನ್ನೆ ಮಾಡಿದ. ಗವಿಸಿದ್ದಪ್ಪ ಹಾಕಿದ. ಜೋರಾಗಿ ಎಂದು ಸನ್ನೆ ಬಂತು. ಜೋರಾಗಿಯೂ ಹಾಕಿದ.

ದಂಡೆಗೆ ಬಂದಾಗ ಹೂವಪ್ಪನ ಮುಖ ಅರಳಿತ್ತು.

"ಮುಗೀತು. ಇಂಥಾ ಧಾರಣಿ ಈ ಹೊಳಿ ದಂಡಿಮ್ಯಾಲ ಯಾರೂ ತಂದಿಲ್ಲ."

"ಎಷ್ಟಕ್ಕ ಇಳಿಸಿದಿ?"

"ಇಳಿಸೂದೇನು? ನಲವತ್ತ ಹೇಳಿದ ಮಾಲು, ಅರವತ್ತೈದಕ್ಕ ಏರಿಸೇನಿ. ಎಂಜಿನ್ ಸಮೇತ."

ಅವನ ಪಕ್ಕದಲ್ಲಿ ಹೊಳೆಯಾಚೆಯ ಊರಿನ ಭೀಮೇಶ ಎಂಬವನು ನಿಂತಿದ್ದ. ಸೇತುವೆಯ ಮೇಲೆ ಹೋಗುತ್ತಿದ್ದವನು ದೋಣಿಯ ಓಟ ನೋಡಿ ಮೋಟರ್ ಸೈಕಲ್ ನಿಲ್ಲಿಸಿ ಇಳಿದು ಬಂದಿದ್ದ. ಹುಚ್ಚವ್ವ ಆಗಲೇ ನೋಟಿನ ಕಟ್ಟನ್ನು ಸೆರಗಿಗೆ ಗಂಟು ಹಾಕುತ್ತಿದ್ದಳು.

"ಹೂವಪ್ಪಣ್ಣ," ಎಂದ ಗವಿಸಿದ್ದಪ್ಪ, ದನಿ ಬಹಳ ಕೆಳಗಿತ್ತು, "ತಗೊಳ್ಳಾಂವ ನಾನಿದ್ದೆ."

ಹೂವಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಮೂವತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಇದ್ದ ಮಾಲನ್ನು ಹೆಚ್ಚು ಕೂಗಿದವನಿಗೆ ಕೊಡಿಸುವುದು. ಭೀಮೇಶ ಬಂದು ಐವತ್ತು ಅಂದ ಕೂಡಲೇ ಕೈ ತಾನಾಗಿ ಟವೆಲ್ಲಿನ ಕೆಳಗೆ ಹೋಗಿತ್ತು. ತಾನು ಯಾರ ಜೊತೆ ಬಂದಿದ್ದೆ ಎಂಬುದು ಆಗ ನೆನಪಿರಲಿಲ್ಲ, ಖರೇ ಹೇಳುತ್ತೇನೆ ಎಂದ. ಎಂಜಿನ್ನಿನ ಹನ್ನೆರಡು ಸಾವಿರವನ್ನು ಗವಿಸಿದ್ದಪ್ಪನ ಕೈಗಿಟ್ಟ. ಎಣಿಸಿದಾಗ ಇನ್ನೂರ ನಲವತ್ತು ಕಡಿಮೆಯಿತ್ತು. ಅದು ದಲಾಲಿ, ನೂರಕ್ಕೆ ಎರಡು, ಗೆಳೆಯನಾದರೂ ಬಿಡುವ ಪದ್ಧತಿಯಿಲ್ಲ.

ಭೀಮೇಶನಿಗೆ ದೋಣಿಯನ್ನು ಆಚೆ ದಂಡೆಗೆ ಒಯ್ಯಬೇಕಿತ್ತು, ಚುಕ್ಕಾಣಿ ಹಿಡಿದು ಗೊತ್ತಿರಲಿಲ್ಲ. ಗವಿಸಿದ್ದಪ್ಪನೇ ಒಯ್ದು ಮುಟ್ಟಿಸಿದ. ಸೇತುವೆಯ ಮೇಲೆ ನಡೆದು ಮರಳುವಾಗ ಕೆಳಗೆ ನೋಡಬಾರದೆಂದುಕೊಂಡರೂ ನೋಡಿದ. ದೋಣಿ ಆಚೆ ದಂಡೆಯಲ್ಲಿ ಮೂತಿ ಮೇಲೆತ್ತಿಕೊಂಡೇ ಇತ್ತು.

ರೋಣದ ಬಸ್ಸಿನಲ್ಲಿ ಗವಿಸಿದ್ದಪ್ಪನೂ ಹೂವಪ್ಪನೂ ಒಂದೇ ಸೀಟಿನಲ್ಲಿ ಕೂತರು. ನರಗುಂದದಲ್ಲಿ ನಜೀರಸಾಬ ಇಳಿದುಹೋದ ಮೇಲೆ ಹೂವಪ್ಪನಿಗೆ ಫೋನು ಬಂತು. ಆ ಕಡೆಯವನ ಮಾತು ಕೇಳಿ, ಹ್ಞೂಂ ಹ್ಞೂಂ ಎಂದು, "ಮುಂಜಾನೆ ಎಂಟಕ್ಕ ಬರ್ತಾನ್ರಿ, ಚಿಂತಿ ಮಾಡಬ್ಯಾಡ್ರಿ" ಎಂದು ಇಟ್ಟ.

ಯಾರು ಬರುತ್ತಾರೆ ಎಂದು ಗವಿಸಿದ್ದಪ್ಪ ಕೇಳಿದ.

"ನೀನ. ಎಂಟ ದಿನ ಹೋಗಿ ಭೀಮೇಶಗ ದೋಣಿ ನಡಸೂದ ಕಲಸಬೇಕು. ಎಂಜಿನ್ ಸಮೇತ, ಡ್ರೈವರ್ ಸಮೇತ ಅಂತನ ಮಾತಾಗೇದ." ಹೂವಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದಿಂದ ಸೇರಿಸಿದ: "ನಿನಗೂ ಚಲೋ ಧಾರಣಿ ಬಂತು."