ನೇಪಾಳಕ್ಕೆ ಲೈನ್ ಕ್ಲಿಯರ್

ಧೀರೇಂದ್ರರಾಯರಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ಒಂದು ತಕರಾರು. ಮೂವತ್ತಾರು ವರ್ಷ ಅವರು ಕಂಡಕಂಡವರನ್ನೆಲ್ಲ ಕಂಡಕಂಡ ಊರಿಗೆ ಕಳಿಸಿಕೊಟ್ಟಿದ್ದರು, ಅವರನ್ನು ಮಾತ್ರ ಯಾರೂ ಎಲ್ಲಿಗೂ ಕಳಿಸಿರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರರಾಗಿ ಹಸಿರು ನಿಶಾನೆ ಬೀಸಿ ಬೀಸಿ ತಮ್ಮ ಬಲಗೈ ಎಡಗೈಗಿಂತ ಅರ್ಧ ಇಂಚು ಉದ್ದವಾಗಿದೆ ಎಂದು ಅವರೇ ಹೇಳುತ್ತಿದ್ದರು. (ಅಳೆದು ನೋಡಿದವರಿಲ್ಲ.) ಮುಂಬಯಿಗೆ ಹೋಗುವವರು ಹೋದರು, ಮದರಾಸಿಗೆ ಹೋಗುವವರು ಹೋದರು, ರಾಯರು ಕ್ವಾರ್ಟರ್ಸಿಗೆ ಬಂದು ಮೊಸರನ್ನ ಉಂಡು ಕೈ ತೊಳೆದರು. 1997ರಲ್ಲಿ ರಿಟೈರಾಗಿ ಶಹಾಬಾದಿನಲ್ಲಿ ಸ್ವಂತ ಮನೆ ಕೊಂಡಾಗ, ಇನ್ನು ತಾನೂ ಹೆಂಡತಿಯೂ ಊರೂರು ತಿರುಗುವುದೇ ಸೈ ಎಂದು ಎಲ್ಲರೆದುರು ಘೋಷಿಸಿದರು.

ಘೋಷಣೆಯಾಗಿ ಆರು ತಿಂಗಳಿಗೆ ಹೆಂಡತಿ ಜಾನಕೀಬಾಯಿಗೆ ಲಕ್ವಾ ಹೊಡೆಯಿತು. ಗುಲ್ಬರ್ಗಾದ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದು ಜೀವ ಉಳಿಸಿಕೊಂಡು ಬಂದರು, ಆದರೆ ಎಡಗಾಲು ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು. ನಾಲ್ಕು ಕಾಲಿನ ವಾಕರ್ ಹಿಡಿದು ಅಡಿಗೆಮನೆಯಿಂದ ಪಡಸಾಲೆ, ಪಡಸಾಲೆಯಿಂದ ದೇವರಮನೆ. ಇಷ್ಟೇ ಅವರ ಸಂಚಾರ.

ಕಾಲು ಹೋದದ್ದಕ್ಕಿಂತ ರಾಯರನ್ನು ಹೆಚ್ಚು ಕಾಡಿದ್ದು ನಗೆ ಹೋದದ್ದು. ಜಾನಕೀಬಾಯಿಯ ನಗೆ ವಾಡಿಯಲ್ಲಿ ಹೆಸರಾಂತದ್ದು, ಗೂಡ್ಸ್ ಗಾಡಿ ಹಾಯುವಾಗಲೂ ಮೂರು ಮನೆ ಆಚೆಗೆ ಕೇಳುತ್ತಿತ್ತು. ಆ ನಗೆ ಎರಡು ವರ್ಷದಿಂದ ಬಂದ್. ಬಾಯಿಗೆ ಏನೂ ಆಗಿರಲಿಲ್ಲ, ಆದರೂ ಏನು ಕೇಳಿದರೂ ‘ಹ್ಞೂಂ’ ಅನ್ನುವುದೊಂದೇ ಉತ್ತರ. ಮಕ್ಕಳಿಲ್ಲದ ಮನೆ. ಇಬ್ಬರಲ್ಲಿ ಒಬ್ಬರು ಸುಮ್ಮನಾದರೆ ಮಾತಾಡುವವರ ಸಂಖ್ಯೆ ಅರ್ಧಕ್ಕರ್ಧ ಇಳಿದುಬಿಡುತ್ತದೆ. ರಾಯರು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಗಡಿಯಾರದ ಸದ್ದು ಕೇಳುತ್ತಿದ್ದರು, ಮತ್ತು ಅವರಿಗೆ ನಿಜಕ್ಕೂ ಭಯವಾಗುತ್ತಿತ್ತು.

ಇಂಥ ಒಂದು ಮಧ್ಯಾಹ್ನ, 1999ರ ದೀಪಾವಳಿ ಮುಗಿದ ವಾರ, ಅವರಿಗೆ ಆ ಅದ್ಭುತ ಆಲೋಚನೆ ಹೊಳೆಯಿತು. ಮದುವೆಯಾದ ಹೊಸತರಲ್ಲಿ ದೇವರ ಸಾಲಿಗ್ರಾಮ ಒರೆಸುತ್ತ ಜಾನಕೀಬಾಯಿ, “ಇದು ಹುಟ್ಟೋ ಗಂಡಕೀ ನದಿ ಒಮ್ಮೆ ನೋಡಬೇಕ್ರಿ” ಅಂದಿದ್ದರು. ಗಂಡಕೀ ಇರುವುದು ನೇಪಾಳದಲ್ಲಿ. ನೇಪಾಳ ಅಂದರೆ ಫಾರಿನ್. ಅದರಲ್ಲೂ ರಸ್ತೆ ಹಿಡಿದು ಹೋಗಬಹುದಾದ ಫಾರಿನ್. ಸ್ವಂತ ಗಾಡಿಯಲ್ಲಿ ಹೋದರೆ ಜಾನಕಿ ಬೇಕಾದಲ್ಲಿ ಇಳಿಯಬಹುದು, ಬೇಡವಾದಲ್ಲಿ ಕೂತಿರಬಹುದು. ನದಿಯ ದಂಡೆಗೆ ಗಾಡಿ ಒಯ್ದು ನಿಲ್ಲಿಸಿದರೆ ನಗದೆ ಎಲ್ಲಿಗೆ ಹೋಗುತ್ತಾಳೆ?

“ಜಾನಕೀ, ಕಾರ್‌ದಾಗ ನೇಪಾಳಕ್ಕ ಹೋಗೋಣೇನು?”

“ಹ್ಞೂಂ,” ಅಂದರು ಜಾನಕೀಬಾಯಿ, ಬೆಳ್ಳುಳ್ಳಿ ಇಲ್ಲದ ಚಟ್ನಿಪುಡಿಗೆ ಉಪ್ಪು ಹಾಕುತ್ತ.

ಸ್ಟೇಷನ್ ಮಾಸ್ತರರಿಗೆ ಅಷ್ಟೇ ಸಾಕಾಯಿತು. ಬೀದಿಯ ಕೊನೆಯಲ್ಲಿ ಕಲ್ಲು ಪಾಲಿಷ್ ಮಾಡಿಸುವ ಕಾರಖಾನೆ ಇಟ್ಟ ಜಗದೇವಪ್ಪನಿಂದ ಹಳೆಯ ಮಾರುತಿ ವ್ಯಾನ್ ಕೊಂಡರು. ಅರವತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಕಲಿಸಿದವನು ಎದುರುಮನೆಯ ಅಬ್ದುಲ್ ಗನಿ, ವಾಡಿಯಲ್ಲಿ ಗೂಡ್ಸ್ ಗಾಡಿ ಓಡಿಸಿ ರಿಟೈರಾದವನು. ಜೀವಮಾನವೆಲ್ಲ ಸ್ಟೇರಿಂಗ್ ಇಲ್ಲದ ಗಾಡಿ ಓಡಿಸಿದವನ ಕೈಯಲ್ಲಿ ಕಲಿತದ್ದರಿಂದ ರಾಯರು ನೇರ ರಸ್ತೆಯಲ್ಲಿ ಬಹಳ ಚೆನ್ನಾಗಿ ಓಡಿಸುತ್ತಿದ್ದರು. ತಿರುವು ಬಂದರೆ ಮಾತ್ರ ಸ್ವಲ್ಪ ಯೋಚಿಸುತ್ತಿದ್ದರು.

ಇನ್ನು ದಾರಿ. ರೈಲ್ವೆಯಲ್ಲಿ ಮುಂದಿನ ಸ್ಟೇಷನ್ನಿನವರು ‘ಲೈನ್ ಕ್ಲಿಯರ್’ ಕೊಡದೆ ಗಾಡಿ ಬಿಡುವ ಪದ್ಧತಿಯಿಲ್ಲ. ಬಾಯಿಮಾತು ನಂಬಿ ಬಿಟ್ಟವರು ಜೈಲು ಸೇರುತ್ತಾರೆ. ರಾಯರು ಎಸ್‌ಟಿಡಿ ಬೂತಿನ ಕಡೆ ತಿರುಗಿಯೂ ನೋಡದೆ ಜವಾಬಿ ಕಾರ್ಡಿನ ಕಟ್ಟು ತಂದರು. ಒಂದು ಕಾರ್ಡಿನಲ್ಲಿ ನಾವು ಬರೆಯುವುದು, ಅದಕ್ಕೆ ಅಂಟಿಕೊಂಡ ಇನ್ನೊಂದರಲ್ಲಿ ಅವರು ಉತ್ತರ ಬರೆದು ಕಳಿಸುವುದು. ಹೈದರಾಬಾದಿನಿಂದ ನಾಗಪುರ, ಜಬಲಪುರ, ಗೋರಖಪುರ, ಅದರಾಚೆ ನೇಪಾಳದ ತನಕ ಧರ್ಮಶಾಲೆ, ಲಾಡ್ಜು, ಮಠ, ಒಂದನ್ನೂ ಬಿಡದೆ ತಮ್ಮ ರೈಲ್ವೆ ಹಿಂದಿಯಲ್ಲಿ ಪ್ರಶ್ನೆ ಬರೆದರು. ಬಾಗಿಲಿಗೆ ಮೆಟ್ಟಿಲು ಎಷ್ಟು? ಒಂದೊಂದರ ಎತ್ತರ ಎಷ್ಟು? ಹಿಡಿದುಕೊಳ್ಳಲು ಕಟಾಂಜನ ಇದೆಯೇ? ಕುರ್ಚಿಯಂಥ ಕಮೋಡ್ ಇದೆಯೇ? ಮಂಚ ನೆಲದಿಂದ ಎಷ್ಟು ಇಂಚು?

ನಲವತ್ತಾರು ಕಡೆಯಿಂದ ಜವಾಬು ಬಂತು. ನಾಗಪುರದವನು, ‘ಮೆಟ್ಟಿಲು ಹನ್ನೊಂದು, ಇದುವರೆಗೆ ಯಾರೂ ಸತ್ತಿಲ್ಲ’ ಎಂದು ಬರೆದಿದ್ದ. ಗೋರಖಪುರದವನು ಮೆಟ್ಟಿಲು ನಾಲ್ಕು, ಬಾಯಿಯವರನ್ನು ತನ್ನ ತಮ್ಮಂದಿರೇ ಎತ್ತಿಕೊಂಡು ಹೋಗುತ್ತಾರೆ ಎಂದು ಧೈರ್ಯ ಹೇಳಿದ್ದ. ನೇಪಾಳದಿಂದ ಬಂದ ಒಂದೇ ಕಾರ್ಡಿನಲ್ಲಿ ‘ಸ್ವಾಗತ’ ಎಂದಷ್ಟೇ ಇತ್ತು. ರಾಯರು ಎಲ್ಲವನ್ನೂ ಫೈಲಿಗೆ ಸೇರಿಸಿ, ಮೇಲೆ ಕೆಂಪು ಶಾಯಿಯಲ್ಲಿ ಕಿಲೋಮೀಟರು ಹಾಕಿದರು.

ಕೊನೆಗೆ ಉಳಿದದ್ದು ಟ್ರಯಲ್ ರನ್. ಜಾನಕೀಬಾಯಿಯ ತೂಕ ದವಾಖಾನೆಯ ಚೀಟಿಯ ಪ್ರಕಾರ ಐವತ್ತೆಂಟು ಕಿಲೋ. ರಾಯರು ಐವತ್ತೆಂಟು ಕಿಲೋ ಜೋಳದ ಚೀಲ ತಂದು ಮುಂದಿನ ಸೀಟಿನಲ್ಲಿ ಕೂರಿಸಿ, ಬೀಳದಂತೆ ಬೆಲ್ಟು ಬಿಗಿದು, ಸೊಂಟಕ್ಕೆ ದಿಂಬು ಕೊಟ್ಟು ಹೊರಟರು. ಮೊದಲ ದಿನ ಚಿತ್ತಾಪುರ. ಮರುವಾರ ಸೇಡಂ. ಗುಡ್ಡದ ತಿರುವಿನ ಅಭ್ಯಾಸಕ್ಕೆಂದು ಸುಲೇಪೇಟದ ಮೇಲೆ ಹಾಯ್ದು ಚಿಂಚೋಳಿಯ ಕಾಡಿನ ದಾರಿ. ಖಾಲಿ ರಸ್ತೆಯಲ್ಲಿ ರಾಯರು ಚೀಲದ ಕೂಡ ಮಾತಾಡಿದರು. “ನೋಡಿದೇನು ಜಾನಕೀ, ತೊಗರಿ ಹೆಂಗ ಹೂ ಬಿಟ್ಟದ!” ಅಂದರು. ಚೀಲ ಹ್ಞೂಂ ಕೂಡ ಅನ್ನಲಿಲ್ಲ. ಚಂದಾಪುರದಲ್ಲಿ ಗಾಡಿ ನಿಲ್ಲಿಸಿ ಮರೆತು ಎರಡು ಚಹಾ ಹೇಳಿದರು. ಎರಡನ್ನೂ ತಾವೇ ಕುಡಿದು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದರು.

ಸಂಜೆ ಮನೆಗೆ ಬಂದಾಗ ಜಾನಕೀಬಾಯಿ ಕಿಟಕಿಯಲ್ಲಿ ಕೂತಿದ್ದರು.

“ಎಲ್ಲಿಗಿ ಹೋಗಿದ್ದ್ರಿ?”

“ಚಿಂಚೋಳಿಗಿ. ಸೀಟ್ ಭಾಳ ಛಲೋ ಅದ. ಚೀಲಕ್ಕ ಒಂದು ಕುಲುಕೂ ಆಗಲಿಲ್ಲ ನೋಡು!”

“ಪುಣ್ಯಾ ಮಾಡ್ಯದ ಚೀಲ,” ಅಂದರು ಜಾನಕೀಬಾಯಿ. ಎರಡು ವರ್ಷದಲ್ಲಿ ಹೆಂಡತಿ ಆಡಿದ ಅತಿ ಉದ್ದದ ಮಾತು ಇದು ಎಂದು ರಾಯರು ಹಿಗ್ಗಿದರು. ಮಾತಿನ ಒಳಗೆ ಏನಿತ್ತು ಎಂದು ನೋಡುವ ಗೋಜಿಗೆ ಹೋಗಲಿಲ್ಲ.

ಆ ಕಿಟಕಿಯ ವಿಷಯ ಇಲ್ಲಿ ಹೇಳಬೇಕು. ಅದರಿಂದ ಕಾಣುವುದು ಅಬ್ದುಲ್ ಗನಿಯ ಮನೆ. ಅವನ ಹೆಂಡತಿ ಹಸೀನಾಬೇಗಂ, ಜಾನಕೀಬಾಯಿಯ ಇಪ್ಪತ್ತೆಂಟು ವರ್ಷದ ಗೆಳತಿ. ವಾಡಿಯ ಕ್ವಾರ್ಟರ್ಸಿನಲ್ಲಿ ಇಬ್ಬರದೂ ಒಂದೇ ಗೋಡೆ. ಜಾನಕೀಬಾಯಿಯ ಮಡಿ ಅಲ್ಲಿ ಬೆಳಿಗ್ಗೆ ಪೂಜೆಯ ತನಕ ಗಟ್ಟಿಯಾಗಿದ್ದು, ಹತ್ತು ಗಂಟೆಯ ಪ್ಯಾಸೆಂಜರ್ ಹೋದ ಮೇಲೆ ಬೇಗಂ ಮನೆಯ ಚಹಾದ ಎದುರು ಸಡಿಲವಾಗುತ್ತಿತ್ತು. ಶಹಾಬಾದಿನಲ್ಲಿ ಎದುರುಬದುರು ಮನೆ ಮಾಡಿದ್ದೇ ಅವರಿಬ್ಬರ ಹಟಕ್ಕೆ. ಆದರೆ ಲಕ್ವಾ ಆದ ಮೇಲೆ ಬೇಗಂ ಒಂದು ದಿನವೂ ಮನೆಗೆ ಬಂದಿರಲಿಲ್ಲ. ಕಿಟಕಿಯಿಂದ ಕಿಟಕಿಗೆ ಇಬ್ಬರೂ ಕೈ ಮಾಡುತ್ತಿದ್ದರು, ಕೂಗಿ ಏನಾದರೂ ಹೇಳಹೋದರೆ ಕಲ್ಲಿನ ಲಾರಿ ಹಾಯ್ದು ಮಾತು ಧೂಳಿನಲ್ಲಿ ಮುಚ್ಚಿಹೋಗುತ್ತಿತ್ತು. ಬೇಗಂಗೆ ಸೊಕ್ಕು ಬಂದಿದೆ ಎಂದು ರಾಯರು ತೀರ್ಮಾನಿಸಿದ್ದರು.

ಹೊರಡುವ ದಿನ ಬಂತು. ಬೆಳಿಗ್ಗೆ ಆರು ಹತ್ತಕ್ಕೆ ಮುಹೂರ್ತ. ವ್ಯಾನಿನಲ್ಲಿ ಸೀಮೆಎಣ್ಣೆ ಸ್ಟೋವ್, ಮಡಿಬಟ್ಟೆ, ಧಪಾಟಿ, ಜಾನಕೀಬಾಯಿ ಕೂತಲ್ಲೇ ಕರಿದ ಚಕ್ಲಿಯ ಡಬ್ಬಿ, ನಲವತ್ತಾರು ಲೈನ್ ಕ್ಲಿಯರಿನ ಫೈಲು. ಮುಂದಿನ ಸೀಟಿನಿಂದ ಜೋಳದ ಚೀಲವನ್ನು ಹಿಂದಕ್ಕೆ ವರ್ಗ ಮಾಡಲಾಗಿತ್ತು. ಕಳಿಸಿಕೊಡಲು ಜಗದೇವಪ್ಪ ತನ್ನ ನಾಲ್ಕು ಹಮಾಲರ ಸಮೇತ ಬಂದಿದ್ದ. ರಾಯರು ರಸ್ತೆಯಲ್ಲಿ ನಿಂತು, ರಿಟೈರಾದಾಗ ಕದ್ದು ತಂದಿದ್ದ ಹಸಿರು ನಿಶಾನೆ ಬೀಸಿದರು.

ಜಾನಕೀಬಾಯಿ ಇಳಕಲ್ ಸೀರೆ ಉಟ್ಟು ವಾಕರ್ ಹಿಡಿದು ಹೊಸ್ತಿಲ ತನಕ ಬಂದರು. ಅಲ್ಲಿಯೇ ನಿಂತರು.

“ಬಾ, ಬಾ! ಟೈಮ್ ಆಗ್ಲಿಕತ್ತದ!”

“ಹೆಂಗ ಬರ್ಲಿ?”

“ಹೆಂಗ ಅಂದ್ರ? ಇಳಿದು ಬಾ!”

“ನಮ್ಮನಿಗಿ ಮೆಟ್ಟಿಲ ಎಷ್ಟದಾವ್ರಿ?”

ರಾಯರು ಬಾಯಿ ತೆರೆದರು. ಗೋರಖಪುರದ ಮೆಟ್ಟಿಲು ಗೊತ್ತಿತ್ತು. ಜಬಲಪುರದ ಮೆಟ್ಟಿಲಿನ ಎತ್ತರ ಇಂಚಿನಲ್ಲಿ ಗೊತ್ತಿತ್ತು. “ಐದು... ಆರು?” ಅಂದರು.

“ಏಳು. ಕಟಾಂಜನ ಇಲ್ಲ. ದವಾಖಾನಿಯಿಂದ ಕುರ್ಚಿ ಮ್ಯಾಲ ಎತ್ತಿ ತಂದು ಇಲ್ಲಿ ಇಟ್ಟ್ರಿ. ಎರಡು ವರ್ಷ ಆತು, ನಾ ನೆಲಕ್ಕ ಕಾಲಿಟ್ಟಿಲ್ಲ. ನಾಗಪುರದಾಂವಗ ಕೇಳಿದ್ರಿ, ಗೋರಖಪುರದಾಂವಗ ಕೇಳಿದ್ರಿ. ನನಗ ಒಂದು ಕಾರ್ಡ್ ಬರೀಲಿಲ್ಲಲ್ರಿ!”

ಕಲ್ಲು ಅಗ್ಗವಾಗಿ ಸಿಗುವ ಊರು. ಇಲ್ಲಿ ಯಾರೂ ಮನೆಯ ಕಟ್ಟೆಯನ್ನು ಎತ್ತರ ಕಟ್ಟಲು ಹಿಂದೆಮುಂದೆ ನೋಡುವುದಿಲ್ಲ, ಮೆಟ್ಟಿಲಿಗೆ ಹಾಕಿದ ಕಲ್ಲು ತುಳಿದು ತುಳಿದು ಕನ್ನಡಿಯಂತೆ ಜಾರುತ್ತದೆ. ರಾಯರು ಅದೇ ಏಳು ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಇಳಿದು ಹತ್ತಿದ್ದರು. ಮುಖ ಕೆಂಪಾಗಿ, ಕೈಯಲ್ಲಿದ್ದ ನಿಶಾನೆಯನ್ನು ಎಲ್ಲಿ ಇಡಬೇಕೋ ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡರು.

ಜಗದೇವಪ್ಪ ಮುಂದೆ ಬಂದ. “ಅದಕ್ಯಾಕ ಚಿಂತಿ ಮಾಡ್ತೀರಿ ಸರ್? ದಿನಾ ಇದ ಕೆಲಸ ನಮ್ದು,” ಅಂದ. ನಾಲ್ವರು ಹಮಾಲರು ಒಳಗಿನಿಂದ ಕುರ್ಚಿ ತಂದು ಜಾನಕೀಬಾಯಿಯನ್ನು ಕೂಡಿಸಿ, ಕುರ್ಚಿಯ ಸಮೇತ ಎತ್ತಿದರು. “ಹುಷಾರ್! ಅಂಚು ಒಡೀಬಾರದ ನೋಡ್ರಿ!” ಎಂದು ಜಗದೇವಪ್ಪ ಅಭ್ಯಾಸಬಲದಿಂದ ಕೂಗಿದ. ಹೀಗೆ ಜಾನಕೀಬಾಯಿ ಅಂಚು ಒಡೆಯದೆ ಬೀದಿಗೆ ಇಳಿದರು. ಬಗ್ಗಿ ಬಲಗೈಯಿಂದ ಒಮ್ಮೆ ನೆಲದ ಮಣ್ಣು ಮುಟ್ಟಿದರು. ಆಮೇಲೆ ವಾಕರ್ ಹಿಡಿದು ಎದ್ದು ನಿಂತರು.

ವ್ಯಾನಿನ ಬಾಗಿಲು ತೆರೆದು ರಾಯರು ದಿಂಬು ಸರಿಮಾಡಿದರು. ತಿರುಗಿ ನೋಡಿದರೆ ಹೆಂಡತಿ ಇಲ್ಲ. ರಸ್ತೆಯ ನಡುವೆ ಟಕ್, ಟಕ್ ಎಂದು ವಾಕರ್ ಹೊರಟಿತ್ತು.

“ಜಾನಕೀ! ಗಾಡಿ ಈ ಕಡೆ ಅದ!”

“ಗೊತ್ತದ.”

ಕಲ್ಲಿನ ಲಾರಿಯೊಂದು ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ಯಾರೂ ಹಾರ್ನ್ ಹಾಕಲಿಲ್ಲ. ಎದುರುಮನೆಯ ಬಾಗಿಲಲ್ಲಿ ಹಸೀನಾಬೇಗಂ ಎರಡೂ ಕೈ ಚಾಚಿ ನಿಂತಿದ್ದಳು. ಅವಳ ಎರಡು ಮೊಣಕಾಲಿಗೂ ದಪ್ಪ ಪಟ್ಟಿ.

“ಬರ್ರಿ ಬಾಯಿ, ಬರ್ರಿ! ನಿಮ್ಮನಿ ಮೆಟ್ಟಿಲ ಹತ್ತಬೇಕಂತ ಎಷ್ಟು ಸರ್ತಿ ಬಂದೀನಿ, ಎರಡನೇದಕ್ಕ ಮೊಣಕಾಲ ಕೈ ಕೊಡ್ತಾವ್ರಿ. ಕಿಟಕ್ಯಾಗ ನೋಡಿ ಅತ್ತು ಅತ್ತು ಸಾಕಾಗ್ಯದ!”

“ನನಗೂ ಹಂಗ ಆಗ್ಯದವ್ವಾ. ಚಹಾ ಇಡು ಮೊದಲ.”

ಜಾನಕೀಬಾಯಿ ಎರಡು ಮೆಟ್ಟಿಲು ಬೇಗಂಳ ಭುಜ ಹಿಡಿದು ಹತ್ತಿದರು. ಹತ್ತಿ, ಒಮ್ಮೆ ತಿರುಗಿ ಗಂಡನಿಗೆ ಹೇಳಿದರು: “ನೇಪಾಳಕ್ಕ ನೀವು ಹೋಗಿ ಬರ್ರಿ. ಚೀಲ ಹೆಂಗಿದ್ರೂ ಅದ.” ಬಾಗಿಲು ಮುಚ್ಚಿತು.

ಮುಹೂರ್ತ ಮೀರಿತು. ಹಮಾಲರು ಕೆಲಸಕ್ಕೆ ಹೋದರು. ಅಬ್ದುಲ್ ಗನಿಯೂ ಹೊರಗೆ ಬಂದು, “ಒಳಗ ನನಗೂ ಜಾಗ ಇಲ್ರಿ ಸಾಬ್,” ಎಂದು ಹೇಳಿ ಬಜಾರದ ಕಡೆ ನಡೆದ. ಧೀರೇಂದ್ರರಾಯರು ತಮ್ಮ ಮನೆಯ ಕೆಳಗಿನ ಮೆಟ್ಟಿಲ ಮೇಲೆ ಒಬ್ಬರೇ ಕೂತರು. ಮತ್ತೆ ಅದೇ ಕೆಲಸ: ಹೋಗುವವರು ಹೋದರು, ಇವರು ನಿಶಾನೆ ಹಿಡಿದು ಉಳಿದರು.

ಆಗ ಎದುರುಮನೆಯ ಕಿಟಕಿಯಿಂದ ನಗೆ ಕೇಳಿಸಿತು. ಹೋಗುತ್ತಿದ್ದ ಕಲ್ಲಿನ ಲಾರಿಯ ಸದ್ದನ್ನೂ ಹಾಯ್ದು ಬಂದ, ವಾಡಿಯ ಆ ಹಳೆಯ ನಗೆ. ರಾಯರು ಕತ್ತೆತ್ತಿದರು. ಎರಡು ವರ್ಷ ಹಗಲೆಲ್ಲ ಕಾದದ್ದು ಇದಕ್ಕೇ. ಕಿವಿಗೊಟ್ಟರೆ ನಗೆಯ ನಡುವೆ “ಐವತ್ತೆಂಟು ಕಿಲೋ”, “ಬೆಲ್ಟ್”, “ದಿಂಬು” ಎಂಬ ಮಾತುಗಳು ಕೇಳಿದವು. ಮತ್ತೆ ನಗೆ, ಈ ಸಲ ಇಬ್ಬರದೂ. ರಾಯರಿಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು, ಕಣ್ಣು ತುಂಬಿ ಬಂದವು. ಗಂಡಕೀ ನದಿಯ ದಂಡೆಯಲ್ಲಿ ಆ ನಗೆ ಬಂದಿದ್ದರೆ ಅದು ಅವರದಾಗಿರುತ್ತಿತ್ತು.

ಹಮಾಲರನ್ನು ಕೆಲಸಕ್ಕೆ ಹಚ್ಚಿ ಮರಳಿ ಬಂದ ಜಗದೇವಪ್ಪನನ್ನು ರಾಯರು ಕರೆದರು. “ಜಗದೇವಪ್ಪಾ, ಈ ಏಳು ಮೆಟ್ಟಿಲ ಮ್ಯಾಲ ಇಳಿಜಾರು ಹಾಕ್ಲಿಕ್ಕೆ ಆಗ್ತದೇನು? ವಾಕರ್ ಜಾರಬಾರದು.”

“ಆಗ್ತದ್ರಿ. ಖರಬರಾ ಕಲ್ಲ ಹಾಕೋಣು, ಎರಡೂ ಕಡೆ ಪೈಪ್ ಹಿಡಿಕಿ ಕೂಡಸೋಣು. ನೇಪಾಳಕ್ಕ ಹೋಗೋದರಾಗ ಆಗಬೇಕೇನ್ರಿ?”

“ನೇಪಾಳ ಅಲ್ಲಪ್ಪ. ಎದುರುಮನಿಗಿ,” ಅಂದರು ರಾಯರು.

ಆದರೂ ಮನಸ್ಸು ತಡೆಯಲಿಲ್ಲ. ಫೈಲಿನಲ್ಲಿ ಜವಾಬಿ ಕಾರ್ಡು ಒಂದು ಉಳಿದಿತ್ತು. ಮೆಟ್ಟಿಲ ಮೇಲೆ ಕೂತಲ್ಲೇ, ಈ ಸಲ ಕನ್ನಡದಲ್ಲಿ ಬರೆದರು: ‘ಶ್ರೀಮತಿ ಜಾನಕೀಬಾಯಿಯವರಿಗೆ, ನಿಮ್ಮಲ್ಲಿ ಮೆಟ್ಟಿಲು ಎಷ್ಟು? ಒಬ್ಬ ವಯಸ್ಸಾದ ಗೃಹಸ್ಥನಿಗೆ ಕೂಡಲು ಜಾಗ ಇದೆಯೇ? ಇದ್ದರೆ ಯಾವಾಗ ಬರಬೇಕು? ಕೂಡಲೇ ಜವಾಬು ಬರೆಯಬೇಕಾಗಿ ವಿನಂತಿ.’ ರಸ್ತೆ ದಾಟಿ ಎದುರುಮನೆಯ ಬಾಗಿಲ ಸಂದಿನಲ್ಲಿ ತೂರಿಸಿ, ಮರಳಿ ಬಂದು ಕೂತು ಕಾದರು.

ಮುಕ್ಕಾಲು ತಾಸಿನ ಮೇಲೆ ಬಾಗಿಲು ನಾಲ್ಕು ಬೆರಳಷ್ಟು ತೆರೆದು ಹಸೀನಾಬೇಗಂ ಕೈ ಬೀಸಿ ಕರೆದಳು. ರಾಯರು ಓಡಿದರು. ಕೈಗೆ ಅರ್ಧ ಕಾರ್ಡು ಬಂತು, ಬಾಗಿಲು ಮುಚ್ಚಿತು. ಜಾನಕೀಬಾಯಿಯ ದುಂಡಗಿನ ಅಕ್ಷರ:

‘ಮೆಟ್ಟಿಲು ಎರಡು. ಜಾಗ ಇವತ್ತು ಇಲ್ಲ, ನಾಳೆ ಕೇಳಿ ನೋಡ್ರಿ. ಚಕ್ಲಿ ಡಬ್ಬಿ ಕೊಟ್ಟು ಹೋಗ್ರಿ.’

ರಾಯರು ಅದನ್ನು ನಲವತ್ತೇಳನೆಯದಾಗಿ ಫೈಲಿಗೆ ಸೇರಿಸಿ, ಮೇಲೆ ಕೆಂಪು ಶಾಯಿಯಲ್ಲಿ ‘ಹದಿನಾಲ್ಕು ಹೆಜ್ಜೆ’ ಎಂದು ಬರೆದು, ಡಬ್ಬಿ ತರಲು ವ್ಯಾನಿನ ಕಡೆ ಹೋದರು.