ತಾತ್ಕಾಲಿಕ ವಿಳಾಸದ ಫಜೀತಿ

ನಾನೇನು ಸಿಟ್ಟಿನ ಹೆಂಗಸಲ್ಲ. ಆದರೆ ಎದುರಿನವರು ಸುಮ್ಮನೆ ಬಿಡಬೇಕಲ್ಲ! ಭಾಲ್ಕಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ, ಮನೆ ಇರುವುದು ಬೀದರಿನ ನೌಬಾದದಲ್ಲಿ. ಮಳೆ ಮೇಲಿಂದ ಮೇಲೆ ಕೈಕೊಟ್ಟ ಆ ವರ್ಷಗಳಲ್ಲಿ ಸಂಬಳವಿಲ್ಲದ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೆ. ಜಗತ್ತಿನ ಯಾರು ಬೇಕಾದರೂ ಕೈಹಾಕಿ ಸುಧಾರಿಸಬಹುದಾದ ಒಂದು ಆಪರೇಟಿಂಗ್ ಸಿಸ್ಟಂ ಇದೆ. ಅದರ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಕಂಪ್ಯೂಟರಿನ ನೆನಪಿನ ತುಣುಕುಗಳಾದ, ಕಾಯಂ ವಿಳಾಸವಿಲ್ಲದ ಮೆಮೊರಿ ಪುಟಗಳಿಗೆ ತಾತ್ಕಾಲಿಕ ವಿಳಾಸ ಕೊಡುವ ಫಂಕ್ಷನ್‌ಗಳು ಅದರಲ್ಲಿವೆ. ಅವನ್ನು ಬಳಸುವುದು ಹೇಗೆಂಬ ವಿವರಣೆ ಹಳತಾಗಿತ್ತು, ಹೊಸದಾಗಿ ಬರೆಯಲು ಕೂತೆ. ನಿಯಮ ಎರಡೇ. ಕೆಲಸ ಮುಗಿದ ಕೂಡಲೇ ವಿಳಾಸ ಬಿಟ್ಟುಕೊಡಬೇಕು. ಪಡೆದವರೇ ಬಳಸಬೇಕು, ಇನ್ನೊಬ್ಬರಿಗೆ ದಾಟಿಸಬಾರದು. ಈ ಎರಡೂ ನಿಯಮಗಳೊಂದಿಗೆ ನನ್ನ ಬರಹ ಒಪ್ಪಿಗೆಯಾಗಬೇಕು ಎನ್ನುವುದೊಂದೇ ನನ್ನ ಹಟ.

ಚೀಟಿ

ಮೊದಲ ಏಟು ಮನೆಯಲ್ಲೇ. ಅತ್ತೆ ಕೇಳಿದರು, "ದಿನಾ ಕುಟ್ಟತಿಯಲ್ಲ, ಪ್ರೋಗ್ರಾಂ ಬರೀತಿ ಏನು?"

"ಇಲ್ರಿ ಅತ್ತಿ. ಬ್ಯಾರೆಯವರು ಬರೆದದ್ದನ್ನ ಹ್ಯಾಂಗ ಬಳಸಬೇಕು ಅಂತ ಬರೀತೇನಿ."

"ಅಂದರ ಗುಳಗಿ ಡಬ್ಬ್ಯಾಗ ಮಡಚಿ ಇಟ್ಟಿರ್ತಾರಲ್ಲ, ಆ ಚೀಟಿ."

ಅಷ್ಟಾದರೂ ಅರ್ಥವಾಯಿತಲ್ಲ ಎಂದು ಸಂತೋಷಪಟ್ಟು ಹೌದೆಂದೆ.

"ಅದನ್ನ ನಾ ಮೊದಲು ತಗದು ಒಗೀತೇನಿ," ಎಂದರು ಅತ್ತೆ.

ಪ್ರಭಾರಿ

ಕಾಲೇಜಿನಲ್ಲಿ ಈ ಕೆಲಸವನ್ನು ನನ್ನ ವರ್ಷದ ವರದಿಯಲ್ಲಿ ಸೇರಿಸಿ ಎಂದು ಪ್ರಾಂಶುಪಾಲರನ್ನು ಕೇಳಿದೆ. ಅವರು ಕನ್ನಡಕ ತೆಗೆದರು. ನಮ್ಮಲ್ಲಿ ಅದು 'ಆಗುವುದಿಲ್ಲ' ಎನ್ನುವುದರ ಪೀಠಿಕೆ.

"ಮೇಡಂ, ವಿಳಾಸ ತಾತ್ಕಾಲಿಕ ಅಂತೀರಿ. ಇವತ್ತ ಇರ್ತದ, ನಾಳಿ ಹೋಗ್ತದ. ಅಂಥಾದ್ದಕ್ಕ ಇಷ್ಟುದ್ದ ಬರಿಯೋದು ಯಾಕ್ರಿ? ತಾತ್ಕಾಲಿಕ ಅಂದ್ರ ತಾತ್ಕಾಲಿಕ, ಮುಗೀತು."

ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಬಾಗಿಲ ಮೇಲಿನ ಫಲಕ ನೋಡಿದೆ. 'ಪ್ರಭಾರಿ ಪ್ರಾಂಶುಪಾಲರು' ಎಂದಿತ್ತು. ನಾನು ಕೆಲಸಕ್ಕೆ ಸೇರಿದ ದಿನವೂ ಹಾಗೇ ಇತ್ತು. ಈಚೆಗೆ ಅದನ್ನು ಹಿತ್ತಾಳೆಯಲ್ಲಿ ಮಾಡಿಸಿದ್ದಾರೆ.

ಕೊಡ

ನೀರಿನ ಟ್ಯಾಂಕರ್ ಬರುವ ಜಾಗದಲ್ಲಿ ಮೊದಲೇ ಕೊಡ ಇಟ್ಟು ಪಾಳಿ ಹಿಡಿಯುವುದು ನಮ್ಮ ಓಣಿಯ ಪದ್ಧತಿ. ಎಲ್ಲರಿಗಿಂತ ಮುಂದೆ ಒಂದು ಹಸಿರು ಕೊಡ. ಅದರ ಮನೆಯವರು ದುಡಿಯಲು ಹೈದರಾಬಾದಿಗೆ ಹೋಗಿ ಎಷ್ಟೋ ದಿನವಾಗಿತ್ತು, ಮನೆಗೆ ಕೀಲಿ ಬಿದ್ದಿತ್ತು. ಕೊಡ ಮಾತ್ರ ತನ್ನ ಪಾಳಿ ಬಿಟ್ಟಿರಲಿಲ್ಲ. ನನ್ನ ಮೊದಲ ನಿಯಮಕ್ಕೆ ಹಾಡುಹಗಲೇ ಅವಮಾನ! ಎತ್ತಿ ಬದಿಗಿಡಲು ಹೋದೆ.

"ಅಕ್ಕೋರ, ಮುಟ್ಟಬ್ಯಾಡ್ರಿ," ಪಕ್ಕದ ಮನೆಯಾಕೆ ಓಡಿ ಬಂದಳು. "ಪಾಪ, ಹೊಟ್ಟಿಗಿಲ್ದೆ ಊರು ಬಿಟ್ಟು ಹೋಗ್ಯಾರ. ಅವರ ಪಾಳಿ ಕಸಗೊಂಡ್ರ ದೇವ್ರು ಮೆಚ್ಚತಾನೇನ್ರಿ?"

ನನಗೆ ನಾಚಿಕೆಯಾಯಿತು. "ಖರೇ. ಆದರ ದಿನಾ ತುಂಬಿದ ನೀರು ಯಾರು ಒಯ್ತಾರ?"

"ನಾನೇ ಒಯ್ತೇನ್ರಿ," ಎಂದಳು. "ನೀರು ಚೆಲ್ಲಬಾರದಲ್ಲ."

ಬಸ್ಸು

ಪರೀಕ್ಷೆಯ ಡ್ಯೂಟಿಗೆ ಔರಾದಕ್ಕೆ ಹೋಗಿದ್ದೆ. ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮೊಬೈಲಿಗೆ ಮೇಲ್ ಬಂತು. ನನ್ನ ಬರಹ ಪರಿಶೀಲಿಸುವ ವಿದೇಶದ ಮಹಾಶಯ ಬರೆದಿದ್ದ. 'ಎರಡನೇ ನಿಯಮ ತೆಗೆಯಿರಿ. ತಾನು ಹಿಡಿದ ವಿಳಾಸವನ್ನು ಇನ್ನೊಬ್ಬರಿಗೆ ದಾಟಿಸುವ ದಡ್ಡರು ಯಾರಿದ್ದಾರೆ? ಇಂದೇ ಉತ್ತರ ಬಾರದಿದ್ದರೆ ಈ ಸಲ ನಿಮ್ಮ ಬರಹ ಸೇರುವುದಿಲ್ಲ.'

ಕೂತು ತಕ್ಕ ಉತ್ತರ ಬರೆಯೋಣವೆಂದು ಬೀದರಿನ ಬಸ್ಸಿನ ಕಿಟಕಿಯಿಂದ ಬ್ಯಾಗು ತೂರಿಸಿ ಸೀಟು ಹಿಡಿದೆ. ನೂಕುನುಗ್ಗಲು ದಾಟಿ ಒಳಗೆ ಹೋದರೆ ಒಬ್ಬ ಧಡೂತಿ ಮನುಷ್ಯ ಅಲ್ಲಿ ಕೂತಿದ್ದಾನೆ. ನನ್ನ ಬ್ಯಾಗು ಅವನ ತೊಡೆಯ ಮೇಲೆ.

"ಇದು ನನ್ನ ಸೀಟ್ರಿ."

"ನಿಮ್ದು ಹ್ಯಾಂಗ್ರಿ? ಈ ಬ್ಯಾಗಿನವರು ನನಗ ಕೊಟ್ಟು ಇಳಿದು ಹೋದ್ರು."

"ಬ್ಯಾಗಿನಾಕಿ ನಾನೇ!"

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾರ ಅವರು ಯಾರ್ರಿ?"

ನನಗೇನು ಗೊತ್ತು! ಯಾರೋ ಪುಣ್ಯಾತ್ಮ ನನ್ನ ಸೀಟನ್ನು ದಾನ ಮಾಡಿ ಹೋಗಿದ್ದ. ಕಂಡಕ್ಟರ್ ನ್ಯಾಯ ಹೇಳಿದ: "ಕೂತಾವ್ರು ಕೂತಾರ, ಬಿಡ್ರಿ ಮೇಡಂ." ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು ಹಿಡಿದು, ಹಲ್ಲು ಕಚ್ಚಿ ಬರೆದೆ. 'ನಿಯಮ ತೆಗೆಯುವುದಿಲ್ಲ. ಅಂಥವರಿದ್ದಾರೆ.' ಬಸ್ಸಿನ ಕಥೆಯನ್ನೂ ಕೆಳಗೆ ಸೇರಿಸಿ ಕಳಿಸಿದೆ.

ಜನವಾಡ ಬರುವಾಗ ಉತ್ತರ ಬಂತು. 'ನಕ್ಕು ಸಾಕಾಯಿತು. ನಿಯಮ ಇರಲಿ. ಬರಹ ಒಪ್ಪಿಗೆ.'

ಗೆದ್ದಿದ್ದೆ! ಅದೇ ಹೊತ್ತಿಗೆ ಆ ಮನುಷ್ಯನೂ ತೊಡೆಯ ಮೇಲಿನ ಬ್ಯಾಗನ್ನು ನನ್ನ ಕೈಗಿತ್ತು ಇಳಿಯಲು ಎದ್ದ. ಕೊನೆಗೂ ನ್ಯಾಯ ಸಿಕ್ಕಿತೆಂದು ಕೂರಲು ಬಗ್ಗಿದೆ. ಹಿಂದಿನಿಂದ ಒಬ್ಬಾಕೆ ಹೆಗಲು ಮುಟ್ಟಿದಳು. ಬಗಲಲ್ಲಿ ಕೂಸು, ತಲೆಯ ಮೇಲೆ ಗಂಟು, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟವಳು.

"ಅಕ್ಕಾ, ಈ ಸೀಟು ನನಗ ಅಂತ ಆ ಅಣ್ಣಾವ್ರು ಹಿಂದ ಸಂತಪೂರದಾಗೇ ಹೇಳ್ಯಾರ್ರಿ."

ಅವಳಿಗೆ ಯಾವ ಬಾಯಿಂದ ನಿಯಮ ಹೇಳಲಿ? ಸರಿದು ದಾರಿ ಬಿಟ್ಟೆ. ಆಕೆ ಕೂತು, ಕೂಸನ್ನು ತೊಡೆಗೆ ಇಳಿಸಿ, ನನ್ನ ಕೈಯಿಂದ ಬ್ಯಾಗು ಪ್ರೀತಿಯಿಂದ ಎಳೆದುಕೊಂಡಳು.

"ನಿಂತು ಇದನ್ಯಾಕ ಹೊರ್ತೀರಿ? ಇಲ್ಲಿ ಕೊಡ್ರಿ."

ಔರಾದದಿಂದ ಬೀದರಿನ ತನಕ ನನ್ನ ಬ್ಯಾಗು ಕೂತೇ ಬಂತು.