ಬಿರುಕಿಗೆ ಭದ್ರಾವತಿಯ ಕಿಟ್ಟ

ಹೆಂಡತಿಯನ್ನು ತೌರಿಗೆ ಅಟ್ಟುವ ಗಂಡಸರನ್ನು ಕಂಡಿದ್ದೀರಿ. ಅಟ್ಟುವ ಗೋಡೆಯನ್ನು ಕಂಡಿದ್ದೀರಾ? ಮಲವಗೊಪ್ಪದ ಮುರುಗೇಶಪ್ಪನ ಮನೆಯಲ್ಲಿ ಅಂಥದೊಂದಿತ್ತು. ಮನೆ ನಿಂತದ್ದು ಎರೆಮಣ್ಣಿನ ಮೇಲೆ. ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ (ಥೇಟ್ ಮುರುಗೇಶಪ್ಪನ ಹಾಗೆ). ಶಿವರಾತ್ರಿ ಕಳೆಯುತ್ತಲೇ ಅಡುಗೆಮನೆ ಗೋಡೆ ಬಿರಿಯುವುದು. "ಹಾವೋ ಚೇಳೋ ಬಂದ್ರೆ ಏನ್ರೀ ಗತಿ? ಬಿರುಕು ಮುಚ್ಚಿದ ಮೇಲೆ ಬರ್ತೀನಿ" ಎಂದು ಹೆಂಡತಿ ಕಲ್ಲಮ್ಮ ತೌರೂರು ಭದ್ರಾವತಿಯ ಬಸ್ಸು ಹತ್ತುವಳು. ಮುಂಗಾರಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚುವುದು, ಅವಳು ಬರುವಳು.

ನಡುವಿನ ವಿರಹವೆಲ್ಲ ಮುರುಗೇಶಪ್ಪನ ಪಾಲು. ತಾನೇ ತಟ್ಟಿದ ಸೀದ ರೊಟ್ಟಿ ತಿನ್ನುವಾಗ ಬೈಯಲು ಎದುರಿಗೆ ಯಾರೂ ಇಲ್ಲ. ಬಿರುಕಿಗೇ ಬೈದ. ಅದು ತಿರುಗಿ ಮಾತಾಡಲಿಲ್ಲ. ಕಲ್ಲಮ್ಮನಾಗಿದ್ದರೆ ಒಂದಕ್ಕೆರಡು ಕೊಡುತ್ತಿದ್ದಳು ಎಂದು ನೆನೆದು ಕಣ್ಣು ತುಂಬಿಕೊಂಡ.

ಒಂದು ಬೇಸಿಗೆ ಅವನಿಗೆ ಜ್ಞಾನೋದಯವಾಯಿತು. ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿ ಬಿಸಾಡಿದ ಕಿಟ್ಟವನ್ನು ರಸ್ತೆ ಕೆಲಸದವರು ಪುಡಿಮಾಡಿ, ಸುಣ್ಣದ ಜೊತೆ ಎರೆಮಣ್ಣಿಗೆ ಕಲಸಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಆಮೇಲೆ ಆ ನೆಲ ಜಪ್ಪಯ್ಯ ಅಂದರೂ ಅಲುಗುವುದಿಲ್ಲವಂತೆ! ಮುರುಗೇಶಪ್ಪ ಗಾಡಿಗಟ್ಟಲೆ ಕಿಟ್ಟ ಹೊಡೆಸಿದ. ತಳಪಾಯದ ಸುತ್ತ ಅಗೆದು, ಕಲಸಿ, ಕಲ್ಲಮ್ಮನ ಹೆಸರು ಹೇಳುತ್ತಾ ಬಡಿದ.

ಮಳೆ ಬಂತು. ಪಕ್ಕದ ಹುಲಿಯಪ್ಪನ ಗೋಡೆ ಮುಚ್ಚಿಕೊಂಡಿತು. ಮುರುಗೇಶಪ್ಪನ ಗೋಡೆ ಮಾತ್ರ ಬಾಯಿ ತೆರೆದೇ ನಿಂತಿತ್ತು. ತನಿಖೆಗೆ ಬಂದ ಕಲ್ಲಮ್ಮನ ತಮ್ಮ ಷಡಕ್ಷರಪ್ಪ ಅದರೊಳಗೆ ಬೆರಳಿಟ್ಟ.

"ಭಾವ, ಬೆರಳು ಹೋಗುತ್ತೆ. ಅಕ್ಕ ಬರಲ್ಲ."

"ಲೋ ಮಾರಾಯ, ನೆಲ ಈಗ ಅಲುಗಾಡಲ್ಲ ಕಣೋ! ಬಂಡೆ ಆಗಿದೆ, ಬಂಡೆ!"

"ಅಲುಗಾಡದೆ ಇದ್ರೆ ಬಿರುಕು ಮುಚ್ಕೊಳ್ಳೋದು ಹೇಗೆ ಭಾವ?"

ಮುರುಗೇಶಪ್ಪನ ಬಾಯಿ ಬಿರುಕಿಗಿಂತ ಅಗಲವಾಯಿತು. ಭದ್ರಾವತಿಗೆ ಓಡಿದ.

"ಇವತ್ತೇ ಗಾರೆ ಮೆತ್ತಿಸ್ತೀನಿ, ಬಾರೇ!"

"ಹೋದ ವರ್ಷ ಮೆತ್ತಿಸಿದ್ದು ನಿಂತಿತ್ತಾ? ಮೆತ್ತಿಸಿ. ಬರೋ ಬೇಸಿಗೆ ಕಳೀಲಿ. ಆಗ್ಲೂ ಬಿರಿಯದಿದ್ರೆ ಬರ್ತೀನಿ."

"ಅಲ್ಲೀತನಕ ನಾನೇನ್ ಮಾಡ್ಲೇ?"

"ನಿಮ್ಮ ನೆಲದ ಹಾಗೆ ಅಲುಗಾಡದೆ ಇರಿ!" ಎಂದಳು ಕಲ್ಲಮ್ಮ. ಆದರೂ ಬುತ್ತಿಗೆ ರೊಟ್ಟಿ ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಬುತ್ತಿಯನ್ನು ಎದೆಗವುಚಿಕೊಂಡೇ ಬಂದ. ಬೇಸಿಗೆಯ ವಿರಹ ಈಗ ವರ್ಷದ್ದಾಗಿತ್ತು. ಕಿಟ್ಟ ಕಿತ್ತೆಸೆದರೆ ಈ ಮಳೆಗೇ ಮಣ್ಣು ಉಬ್ಬೀತು, ಬಿರುಕು ಮುಚ್ಚೀತು, ಅವಳು ಬಂದಾಳು! ಜಿಟಿಜಿಟಿ ಮಳೆಯಲ್ಲೇ ಹಾರೆ ಎತ್ತಿ ಕುಕ್ಕಿದ.

ಠಣ್!

ಹಾರೆಯ ತುದಿ ಬಾಗಿತು. ನೆಲ ಮಿಸುಕಲಿಲ್ಲ. ಹುಟ್ಟಿದಾರಭ್ಯ ಮುರುಗೇಶಪ್ಪ ಭದ್ರವಾಗಿ ಮಾಡಿದ ಕೆಲಸ ಅದೊಂದೇ.